ಕಬ್ಬಿನೊಳಗೆ ಹೋದ ಬಂಡಿದಾರಿ

ದಾರಿಯನ್ನೇ ಬಿತ್ತಿದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಇಲ್ಲವಲ್ಲ. ನಾನು ನೋಡಿದ್ದೇನೆ. ಮೊಮ್ಮಗಳು ಫೋನಿನಲ್ಲಿ ಬರೆಯುವುದನ್ನು ಈಗಷ್ಟೇ ಕಲಿಸಿದ್ದಾಳೆ, ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಅದು ಫೋನಿನದು.

ಹೋದ ವಾರ ಹುಲಸೂರಿನ ಬಸ್ಸಿನಲ್ಲಿದ್ದಾಗ ಕಬ್ಬಿನ ರವದಿ ಸುಡುವ ವಾಸನೆ ಕಿಟಕಿಯಿಂದ ಬಂತು. ಒಣಗರಿಯ ಸಿಹಿ ಹೊಗೆ... ಹೊಲದಕ್ಕ ನೆನಪಾದಳು. ಒಡಹುಟ್ಟಿದವಳಲ್ಲ. ನಮ್ಮ ಹೊಲಕ್ಕೆ ಹತ್ತಿಕೊಂಡು ಅವಳ ಹೊಲವಿತ್ತು, ಅಷ್ಟೇ.

ನಮ್ಮೂರು ಸಣ್ಣದು. ಮೇಲೆ ಕೆಂಪು ಮಸಾರಿ ನೆಲದಲ್ಲಿ ಮನೆಗಳು, ಕೆಳಗೆ ಹಳ್ಳದ ತನಕ ಕರಿ ಎರೆಭೂಮಿ. ಕಟ್ಟಕಡೆಯ ಹೊಲ ನಮ್ಮದು. ಊರಿಗೂ ನಮಗೂ ನಡುವೆ ಅವಳದು. ಜೋಳ, ತೊಗರಿ, ಕಡಲೆಯಿಂದಲೇ ಊರು ಉಣ್ಣುತ್ತಿತ್ತು. ನಿಜಾಮನ ಕಾಲದಿಂದ ಪದ್ಧತಿ ಒಂದೇ. ಬೆಳೆ ಕೊಯ್ದು ಹೊಲ ಖಾಲಿಯಾದರೆ ಹಿಂದಿನ ಹೊಲದವರ ಬಂಡಿ ಅದರಲ್ಲೇ ಹಾಯಬೇಕು. ಬಿತ್ತಿದರೆ ದಾರಿ ಮಾಯ, ಕೊಯ್ದರೆ ಮತ್ತೆ ದಾರಿ. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ. ನಮ್ಮ ತೊಗರಿ ಮೊದಲು ಬಂದರೆ ಅಕ್ಕ ತನ್ನ ಜೋಳದ ಅಂಚನ್ನು ಬೇಗ ಕೊಯ್ದು ಬಂಡಿಗೆ ಜಾಗ ಮಾಡುತ್ತಿದ್ದಳು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಊಟಕ್ಕೆ ಕೂತಾಗ ನಾನು ಅವಳ ಗಡಿಗೆಯ ಅಂಬಲಿ ಕದ್ದು ಕುಡಿದು ನೀರು ಬೆರೆಸಿಡುತ್ತಿದ್ದೆ. "ಈ ಸಲ ಅಂಬ್ಲಿ ತೆಳ್ಳಗಾಗ್ಯದಲ್ಲ, ತಂಗಿ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಆಮೇಲೆ ಬೋರು ಬಂತು, ಸಕ್ಕರೆ ಕಾರ್ಖಾನೆಯ ಲಾರಿ ಬಂತು. ಒಂದು ದಿನ ಅವಳೇ ಮನೆತನಕ ಬಂದು ಹೇಳಿದಳು: "ಕಬ್ಬು ಹಚ್ಚಾಕತ್ತೇವಿ ತಂಗಿ. ಅಂಚಿಗಿ ನಿನ್ನ ಬಂಡಿಗಿ ಜಾಗಾ ಬಿಡ್ತೀನಿ, ಫಿಕರ್ ಮಾಡಬ್ಯಾಡ."

ನಾನು ಫಿಕರ್ ಮಾಡಲಿಲ್ಲ.

ತೊಗರಿ ಕೊಯ್ದು ಬಂಡಿ ಹೂಡಿಕೊಂಡು ಹೋದರೆ, ಒಡ್ಡಿನ ತನಕ ಕಬ್ಬು. ಅದು ವರ್ಷವಿಡೀ ನಿಲ್ಲುವ ಬೆಳೆ, ಕಡಿದರೂ ಮತ್ತೆ ಚಿಗುರುತ್ತದೆ. ಆ ಚಿಗುರಿನ ಮೇಲೆ ಬಂಡಿ ಹಾಯಿಸುವ ಮಾತೇ ಇಲ್ಲ.

"ಅಕ್ಕಾ, ಜಾಗಾ ಎಲ್ಲಿ?"

"ಮಗ ಕೇಳ್ಲಿಲ್ಲ, ತಂಗಿ," ಎಂದಳು. ಮುಖ ನೋಡಲಿಲ್ಲ.

ಅವಳ ಮಗ ಬಸವಕಲ್ಯಾಣದ ಸಂತೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. "ನಾ ಬಿಡೂನಂದೆ, ಚಿಗವ್ವ. ಅವ್ವನೇ ಒಡ್ಡಿನತನಕ ಹಚ್ಚು ಅಂದ್ಳು." ಪಾಪ, ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ತೊಗರಿಯನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿ, ಸುತ್ತುಹಾಕಿ ಮನೆಗೆ ತಂದೆವು. ಹಾಗೆ ಎಷ್ಟು ವರ್ಷ ಹೊರುವುದು? ಹೊಲ ಬೀಳುಬಿತ್ತು. ಮಾರಲು ಹೊರಟರೆ, ನೋಡಲು ಬಂದವರೆಲ್ಲ "ದಾರಿ ಎಲ್ಲದ?" ಎಂದು ಕೇಳಿ ಹೊರಟುಹೋದರು. ದಾರಿ ಕೇಳದೆ ಕೊಳ್ಳುವವರು ಊರಲ್ಲಿ ಒಬ್ಬರೇ ಇದ್ದರು... ಅವಳಿಗೇ ಕೊಟ್ಟೆವು, ಅವಳು ಹೇಳಿದ ರೇಟಿಗೆ. ಜಾಗ ಬಿಡುತ್ತೇನೆಂದು ಮನೆತನಕ ಬಂದು ಹೇಳಿದ ದಿನವೇ ಇದೆಲ್ಲ ಅವಳ ತಲೆಯಲ್ಲಿತ್ತೇನೋ. ಕೇಳಲು ಈಗ ಅವಳಿಲ್ಲ. ಮಣ್ಣಿಗೆ ಹೋಗಿದ್ದೆ, ಅಳು ಬರಲಿಲ್ಲ. ಆದರೂ ಅಂಬಲಿ ಕುಡಿಯುವಾಗ ಪಕ್ಕದಲ್ಲಿ ಯಾರೋ ಇಲ್ಲ ಅನ್ನಿಸುತ್ತದೆ. ಅದೊಂದು ಸಿಟ್ಟು ಬೇರೆ.

ಅವತ್ತು ನಮ್ಮೂರಲ್ಲಿ ಬಸ್ಸು ಇಳಿದು ಹೊಗೆಯ ಕಡೆಗೇ, ಅವಳ ಹೊಲಕ್ಕೆ ನಡೆದೆ. ಕಬ್ಬು ಕಡಿದು ನೆಲ ಹಳ್ಳದ ತನಕ ಬಯಲಾಗಿತ್ತು. ಅವಳ ಸೊಸೆ ಕೋಲಿನಿಂದ ಬೆಂಕಿ ಕೆದಕುತ್ತಿದ್ದಳು. ಕುಚೇಷ್ಟೆ ನನ್ನನ್ನು ಬಿಡುವುದಿಲ್ಲ.

"ಈಗರೆ ಅಂಚಿಗಿ ಒಂದ್ ಬಂಡಿದಾರಿ ಬಿಡವ್ವ," ಎಂದೆ.

ಅವಳು ಕೋಲು ಊರಿ ನಿಂತು ನಕ್ಕಳು.

"ಬಿಡ್ತೇನ್ರಿ ಚಿಗವ್ವ. ಆದ್ರ ಬಂಡಿ ಎಲ್ಲಿಗಿ ಹೋಗ್ಬೇಕ್ರಿ? ಹಳ್ಳದತನಕ ಎಲ್ಲಾ ನಮ್ದೇ ಅದ."