ನೀರು ಕೇಳಲು ನಿಂತ ಜೀಪು

ಎಪ್ಪತ್ತರ ದಶಕದ ಒಂದು ಬೇಸಿಗೆ. ಕೊಹಿನೂರ ಸಮೀಪದ ನಮ್ಮೂರಿಗೆ ವಾಂತಿಭೇದಿ ಹೊಕ್ಕಿತ್ತು. ಚೊಚ್ಚಲ ಹೆರಿಗೆಗೆ ಬಂದಿದ್ದ ನನ್ನ ಮಗಳು ಮಹಾದೇವಿ ಬೆಳಿಗ್ಗೆ ರೊಟ್ಟಿ ಬಡಿದವಳು, ಮಧ್ಯಾಹ್ನದೊಳಗೆ ಎದ್ದು ಕೂರಲಾರದಂತಾದಳು. ಕಣ್ಣು ಗುಳಿಬಿದ್ದು ಬೆರಳು ಸುಕ್ಕುಗಟ್ಟಿದವು. ನಾನೂ ನನ್ನ ಯಜಮಾನರೂ ಅವಳನ್ನು ಹೊರಸಿನ ಮೇಲೆ ಹೊತ್ತು, ಬಸ್ಸು ನಿಲ್ಲುವ ಬೇವಿನ ಮರದಡಿ ತಂದೆವು.

ದವಾಖಾನೆಯಿರುವ ಹುಮನಾಬಾದಿಗೆ ಹೋಗುವ ಬಸ್ಸು ಬಂತು. ಅವಳನ್ನು ನೋಡಿ ಒಳಗಿದ್ದವರು ಗದ್ದಲ ಎಬ್ಬಿಸಿದರು.

"ಏನ್ ಮಾಡ್ಲಿ ಅವ್ವಾ, ಮಂದಿ ಬ್ಯಾಡ ಅನ್ನಾಕತ್ತಾರ," ಎಂದು ಕಂಡಕ್ಟರ್ ಮುಖ ತಗ್ಗಿಸಿ ಸೀಟಿ ಊದಿದ.

ಮಗಳ ಕೈ ತಣ್ಣಗಾಗುತ್ತಿತ್ತು. ನಾನು ವೀರಭದ್ರಸ್ವಾಮಿಯ ಗುಡಿಯಿರುವ ಹುಮನಾಬಾದಿನ ದಿಕ್ಕಿಗೆ ಸೆರಗೊಡ್ಡಿ ಅತ್ತೆ: "ಅಪ್ಪಾ ವೀರಭದ್ರಾ, ನಿನ್ನ ಊರಿಗಿ ಬರ್ಲಾಕ ನಮಗ ಆಗವಲ್ದು. ನೀನೇ ಬಾ."

ಸ್ವಲ್ಪ ಹೊತ್ತಿಗೆ ಒಂದು ಸರಕಾರಿ ಜೀಪು ಬಂದು ನಿಂತಿತು. ಬೇರೆ ಊರಿಗೆ ಹೊರಟಿದ್ದ ಗಾಡಿ. ಇಂಜಿನ್ ಕಾದು ಹೊಗೆಯಾಡುತ್ತಿತ್ತು. ಡ್ರೈವರ್ ನೀರು ಕೇಳಲು ಇಳಿದ. ಹಿಂದೆಯೇ ಇಳಿದ ಡಾಕ್ಟರ ಕಣ್ಣು ಹೊರಸಿನ ಮೇಲೆ ಬಿತ್ತು. ನಾಡಿ ನೋಡಿದವರೇ ಸಲೈನ್ ಬಾಟಲಿಯನ್ನು ಬೇವಿನ ಟೊಂಗೆಗೆ ಕಟ್ಟಿದರು. ಕೈಯಲ್ಲಿ ನರ ಸಿಗದೆ ಕಾಲಿಗೆ ಸೂಜಿ ಚುಚ್ಚಿದರು.

"ಉಳೀತಾಳೇನ್ರಿ?" ಎಂದು ಯಜಮಾನರು ಕೇಳಿದರು.

"ಮೈಯಾಗಿನ ನೀರೆಲ್ಲ ಹೋಗ್ಯದ, ತುಂಬಾಕತ್ತೀನಿ. ದೇವ್ರ ಮ್ಯಾಲ ಭಾರ ಹಾಕ್ರಿ. ಆದ್ರ ಕಾಲ್ ಬಿಗಿ ಹಿಡೀರಿ."

ಡಾಕ್ಟರು ಮುಂದಿನ ಊರಿಗೆ ಬೇರೆಯವರನ್ನು ಕಳಿಸಲು ಡ್ರೈವರನ ಕೈಲಿ ಹೇಳಿಕಳಿಸಿ, ಇಲ್ಲೇ ಉಳಿದರು. ಸಂಜೆಗೆ ನಮ್ಮ ಶಾಲೆಯೇ ದವಾಖಾನೆಯಾಯಿತು. ಯಾವ ನೀರು ಕುಡಿದಿರಿ ಎಂದು ಪ್ರತಿಯೊಬ್ಬ ರೋಗಿಯನ್ನೂ ಕೇಳಿದರು. ಎಲ್ಲರದೂ ಗುಡಿ ಮುಂದಿನ ಬಾವಿ. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಹೊರಟಾಗ ಹಿರಿಯರು ಅಡ್ಡ ನಿಂತರು.

"ದೇವ್ರ ಪೂಜಿ ನೀರದ್ರಿ ಸಾಹೇಬ್ರ, ಮೈಲಿಗಿ ಮಾಡಬ್ಯಾಡ್ರಿ."

ನಾನು ಮುಂದೆ ಹೋದೆ. "ಇವ್ರನ್ನ ಕಳಿಸಿದಾವ ಯಾರಂತ ನನಗ ಗೊತ್ತದ. ಹಾಕಾಕ ಬಿಡ್ರಿ. ಮೊದಲ್ನೇ ಕೊಡ ನಾ ಕುಡೀತೀನಿ."

"ಕಾಸಿ ಆರಿಸಿ ಕುಡಿ ಅವ್ವಾ," ಎಂದು ಡಾಕ್ಟರು ನಕ್ಕರು. ಹಿರಿಯರೂ ನಕ್ಕು ದಾರಿ ಬಿಟ್ಟರು.

ಮಗಳ ಹತ್ತಿರ ಬಂದಾಗಲೆಲ್ಲ ಡಾಕ್ಟರದು ಒಂದೇ ಪ್ರಶ್ನೆ: "ಒಂದಕ್ಕ ಹೋದಳೇನವ್ವಾ?" ನನಗೆ ನಾಚಿಕೆ; ಮೂತ್ರ ಬಂದರೆ ಮೈಗೆ ನೀರು ಹಿಡಿದಂತೆ ಎಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಹೌದೆಂದಾಗ ಅವರು ಶಾಲೆಯ ಕಟ್ಟೆಯ ಮೇಲೆ ಕುಸಿದು ಕೂತು, "ಗೆದ್ದಳು ನಿನ್ನ ಮಗಳು," ಎಂದರು. ಒಳಗಿನಿಂದ ಮಹಾದೇವಿ, "ಯವ್ವಾ, ಹಸಿವಾಗ್ಯದ," ಎಂದು ಕೂಗಿದಳು. ಆ ವಾರದ ನಂತರ ಊರಲ್ಲಿ ಹೊಸದಾಗಿ ಯಾರೂ ಹಾಸಿಗೆ ಹಿಡಿಯಲಿಲ್ಲ.

ಮಳೆ ಹಿಡಿದ ಮೇಲೆ ಗಂಡುಮಗು ಹುಟ್ಟಿತು. ಕೂಸನ್ನು ಹುಮನಾಬಾದಿಗೆ ಒಯ್ದು ವೀರಭದ್ರಸ್ವಾಮಿಯ ಮುಂದೆ ಮಲಗಿಸಿದೆ. ಅಲ್ಲಿಂದ ನೇರ ಆ ಡಾಕ್ಟರ ದವಾಖಾನೆಗೆ ಹೋಗಿ ಅವರ ತೊಡೆಯ ಮೇಲೂ ಮಲಗಿಸಿದೆ. ಭಕ್ತಬಂಧುಗಳೇ, ಎರಡೂ ಕಡೆ ನಾನು ಒಂದೇ ರೀತಿ ಕೈ ಮುಗಿದೆ.