ಹಾಡು ಎತ್ತಾಕಿ, ಹಾಡು ಹಿಡಿಯಾಕಿ

ಮೊದಲೇ ಹೇಳಿಬಿಡ್ತೀನಿ, ಆಕಿ ಮ್ಯಾಲ ನಂಗ ಹೊಟ್ಟಿಕಿಚ್ಚು ಇತ್ತು. ಇತ್ತು ಏನು, ಈಗೂ ಅದ. ನಮ್ಮ ವಾಡಿ ಊರಾಗ ಎಲ್ಲಾರೂ ಆಕಿಗೆ ‘ಟಿವಿ ಹುಡುಗಿ’ ಅಂತಾರ. ನಾ ಆಕಿ ಗೆಳತಿ. ಸ್ಟೇಷನ್ ರೋಡಿನ ಝೆರಾಕ್ಸ್ ಅಂಗಡ್ಯಾಗ ಕೆಲಸ ಮಾಡಾಕಿ, ಅಷ್ಟೇ.

ಒಂದೇ ಓಣ್ಯಾಗ ಬೆಳೆದವರು ನಾವು. ಮದಿವಿ ಮನ್ಯಾಗ ಅರಶಿಣ ಹಚ್ಚೋವಾಗ ಹಾಡ್ಲಿಕ್ಕ ನಮ್ಮಿಬ್ಬರನ್ನೇ ಕರೀತಿದ್ರು. ಶಹಾಬಾದ, ಚಿತ್ತಾಪುರ, ಒಮ್ಮೆ ಸೇಡಂ ಕಡಿ ಆಡಕಿ ಊರಿನ ತನಕಾನೂ ಹೋಗಿದ್ವಿ. ನಮ್ಮ ಕಡಿ ಇಂಥ ಹಾಡು ಒಬ್ಬರೇ ಹಾಡಂಗಿಲ್ಲ. ಒಬ್ಬಾಕಿ ಎತ್ತಬೇಕು, ಇನ್ನೊಬ್ಬಾಕಿ ಹಿಡೀಬೇಕು. ಎತ್ತಾಕಿ ಒಂದು ಸಾಲು ಹಾಡಿ ಉಸುರು ತಗೋತಾಳ, ಹಿಡಿಯಾಕಿ ಅದೇ ಸಾಲು ತಿರುಗಿ ಹಾಡ್ತಾಳ. ಎತ್ತಾಕಿ ನಾನು, ಹಿಡಿಯಾಕಿ ಆಕಿ. ಆರನೇ ಕ್ಲಾಸಿನಿಂದ ಹಂಗೇ. ಕೇಳಿದವರು ‘ದನಿ ಅಂದ್ರ ಇದು ನೋಡ್ರಿ’ ಅಂತ ನನ್ನ ಕಡಿ ಕೈ ಮಾಡ್ತಿದ್ರು. ಆಕಿನೂ ಹೌದು ಅಂತ ಗೋಣು ಹಾಕ್ತಿದ್ಲು.

ಟಿವಿಯವರು ಕಲಬುರಗಿಗೆ ಬಂದ್ರು. ಐದು ಮಂದಿ ಹುಡುಗ್ಯಾರನ್ನ ಆರಿಸಿ ಒಂದು ಪಾಪ್ ಗುಂಪು ಕಟ್ಟತಾರಂತ. ಆಕಿನ್ನ ಎಳಕೊಂಡು ಹೋದಾಕಿ ನಾನೇ. ‘ನಾ ಒಲ್ಲೆವ್ವ, ನಂಗ ಅಂಜಿಕಿ ಬರ್ತದ’ ಅಂತ ಬಸ್ಸಿನ್ಯಾಗೂ ಗೊಣಗಿದ್ಲು. ಅಲ್ಲಿ ಒಬ್ಬೊಬ್ಬರನ್ನೇ ಒಳಗ ಕರೆದ್ರು. ನಾ ಮೊದಲು ಹೋದೆ. ಕಣ್ಣು ಮುಚ್ಚಿ ಎತ್ತಿದೆ. ಎಂಥ ದನಿ ಬಂದಿತ್ತು ಅವತ್ತು! ಒಂದು ಸಾಲು ಮುಗಿಸಿದೆ, ನಿಂತೆ. ರೂಢಿ ನೋಡ್ರಿ, ಹಿಡಿಯಾಕಿ ಹಿಡೀಲಿ ಅಂತ ನಿಂತೆ. ಯಾರು ಹಿಡೀತಾರ ಅಲ್ಲಿ? ಕಣ್ಣು ತೆರೆದ್ರ ಮೂರು ಮಂದಿ ಜಡ್ಜ್ ನನ್ನ ಮಾರಿ ನೋಡ್ಲಿಕತ್ತಾರ. ‘ಪದ ಮರೆತು ಹೋಯ್ತಾ? ಪರವಾಗಿಲ್ಲಮ್ಮ, ನೆಕ್ಸ್ಟ್’ ಅಂದ್ರು. ಮರೆತಿಲ್ರಿ ಸರ, ಇದು ಹಿಂಗೇ ಹಾಡೋದು ಅನ್ನೋದ್ರಾಗ ಬಾಗಿಲು ತೆರೆದಿದ್ರು.

ನನ್ನ ಹಿಂದ ಆಕಿ ಹೋದ್ಲು. ನಾ ಎತ್ತೋದೂ ಆಕಿಗೆ ಬಾಯಿಪಾಠ, ತಾ ಹಿಡಿಯೋದಂತೂ ಇದ್ದೇ ಇತ್ತು. ಎರಡೂ ತಾನೇ ಹಾಡಿದ್ಲು, ಎಲ್ಲೂ ನಿಲ್ಲಲಿಲ್ಲ. ಆರಿಸಿಬಿಟ್ರು. ಹೊರಗ ಬಂದು ನನ್ನ ತೆಕ್ಕಿ ಬಡಿದು ಅತ್ಲು. ನಾನೂ ಅತ್ತೆ. ಗೆಳತಿ ಗೆದ್ದ ಖುಷಿಗೆ ಅಳ್ಲಿಕತ್ತಾಳ ಅಂತ ಮಂದಿ ತಿಳ್ಕೊಂಡ್ರು.

ಆಮ್ಯಾಲ ಶುರು ಆತು ನೋಡ್ರಿ. ವಾರ ವಾರ ಟಿವಿ, ಮೈಮ್ಯಾಲ ಮಿಣುಮಿಣು ಅರಬಿ, ಕೂದಲಿಗೆ ಬಣ್ಣ. ಆ ಗುಂಪಿನ ಹಾಡು ಇಲ್ಲದ ಆಟೋ ಇಲ್ಲ, ರಿಂಗ್‌ಟೋನ್ ಇಲ್ಲ. ನಮ್ಮವ್ವ ರೊಟ್ಟಿ ಬಡೀತಾ ಅದನ್ನೇ ಗುನುಗ್ತಿದ್ಲು. ನಾ ಮಾತು ಬಂದಾಗಿಂದ ಮನ್ಯಾಗ ಹಾಡ್ಕೋತ ಬಂದೀನಿ, ನನ್ನ ಒಂದು ಸಾಲು ಅವ್ವನ ಬಾಯಾಗ ಕೇಳಿಲ್ಲ. ಮತ್ತ ನನ್ನ ಕರ್ಮ ಏನಂದ್ರ, ಆಕಿ ಫೋಟೋ ಬೇಕನ್ನೋರೆಲ್ಲಾ ನಮ್ಮ ಅಂಗಡಿಗೇ ಬರ್ತಿದ್ರು. ಕಲರ್ ಪ್ರಿಂಟ್ ತೆಗಿ, ಲ್ಯಾಮಿನೇಷನ್ ಮಾಡು. ಚಿಂಚೋಳಿ ಕಡಿ ಹುಡುಗಿ ಒಬ್ಬಾಕಿ ‘ಅಕ್ಕಾ, ಇವ್ರು ನಿಮ್ಮೂರವ್ರಂತಲ್ಲ, ನೀವು ನೋಡೀರೇನ್ರಿ?’ ಅಂದ್ಲು. ‘ದೂರದಿಂದ ನೋಡೀನಿ’ ಅಂದೆ.

ಚಿತ್ತಾಪುರದಾಗ ಆಕಿಗೆ ಸತ್ಕಾರ ಇಟ್ಕೊಂಡ್ರು. ಬ್ಯಾನರಿಗೆ ಹಳೇ ಫೋಟೋ ಬೇಕಾಗಿತ್ತು, ಆಕಿ ಅವ್ವ ಒಂದು ತಂದ್ಲು. ಮದಿವಿ ಹಂದರದಾಗ ನಾವಿಬ್ಬರೂ ಬಾಯಿ ತೆರೆದು ಹಾಡ್ಲಿಕತ್ತಿದ್ದು. ‘ಬಾಜೂಕಿನಾಕಿನ್ನ ತೆಗೀಬೇಕಂತವ್ವ’ ಅಂದ್ಲು ಪಾಪ, ನನ್ನ ಮಾರಿ ನೋಡ್ಲಿಕ್ಕೇ ಆಗ್ಲಿಲ್ಲ ಆಕಿಗೆ. ತೆಗೆದೆ. ಮೌಸ್ ಹಿಡಕೊಂಡು ನನ್ನ ನಾನೇ ಕತ್ತರಿಸಿದೆ. ಆಕಿ ಹೆಗಲ ಮ್ಯಾಲ ನನ್ನ ನಾಕು ಬೆರಳು ಉಳಿದಿದ್ವು, ಅವನ್ನೂ ಅಳಿಸಿದೆ. ಬ್ಯಾನರ್ ಚಲೋ ಬಂದಿತ್ತು.

ಆಕಿ ಫೋನ್ ಮಾಡ್ತಿದ್ಲು, ಇಲ್ಲ ಅನ್ನಂಗಿಲ್ಲ. ಆದ್ರ ಬೆಂಗಳೂರಿನವರಂಗ ‘ತಿಂಡಿ ಆಯ್ತಾ?’ ಅಂತ ಕೇಳ್ತಿದ್ಲು. ನಮ್ಮ ಕಡಿ ತಿಂಡಿ ಅಂದ್ರ ತುರಿಕಿ. ನಾಷ್ಟಾ ಅನ್ನೋದೂ ಮರೆತಾಳೇನು ಈಕಿ ಅಂತ ಮೈಯೆಲ್ಲಾ ಉರೀತಿತ್ತು. ‘ಬಿಟ್ಟದವ್ವ ತಿಂಡಿ, ಭಾಳ ಬಿಟ್ಟದ’ ಅಂತಿದ್ದೆ. ಆಕಿ ಬಿದ್ದು ಬಿದ್ದು ನಗ್ತಿದ್ಲು. ನಾ ನಗ್ತಿರ್ಲಿಲ್ಲ.

ಎರಡನೇ ವರ್ಷ ಗುಂಪಿನ್ಯಾಗ ಕಿರಿಕಿರಿ ಶುರು ಆತು. ಮುಂದ ನಿಲ್ಲಾಕಿ ಯಾರು ಅಂತ ಜಗಳ. ಒಬ್ಬಾಕಿ ಸಿನಿಮಾಕ್ಕ ಹಾಡಿ ಗುಂಪು ಬಿಟ್ಟೇಬಿಟ್ಲು. ಒಂದು ದಿನ ಮಧ್ಯಾಹ್ನ ಅಂಗಡ್ಯಾಗ ಇದ್ದೆ, ಗೆಳತಿ ಫೋನ್ ಬಂತು. ‘ಇಲ್ಲಿ ಒಂದು ಜಾಗಾ ಖಾಲಿ ಅದ. ನಿನ್ನ ಹಾಡು ಮೊಬೈಲಿನ್ಯಾಗ ಕೇಳಿಸೀನಿ, ಒಪ್ಪ್ಯಾರ. ಮೊದಲಿಗೆ ನನ್ನ ಹಿಂದ ನಿಂತು ಹಿಡೀಬೇಕು, ಅಷ್ಟೇ. ಲಗೂ ಬಾ.’

ಇದೇ ಬೇಕಾಗಿತ್ತು ನಂಗ, ಎರಡು ವರ್ಷ ಇದನ್ನೇ ಬೇಡ್ಕೊಂಡಿದ್ದೆ. ಆದ್ರ ಬಾಯಿಗೆ ಬಂದಿದ್ದೇ ಬ್ಯಾರೆ. ‘ನಿನ್ನ ಹಿಂದ ಹಿಡೀಲಿಕ್ಕ ನಾ ಒಲ್ಲೆ’ ಅಂದೆ.

ಆಕಿ ಮೆಲ್ಲಕ ಕೇಳಿದ್ಲು, ‘ಇಷ್ಟು ವರ್ಷ ನಾ ನಿನ್ನ ಹಿಂದ ಹಿಡಿದಿಲ್ಲೇನು?’

ಫೋನ್ ಇಟ್ಟೆ. ತಿರುಗಿ ಮಾಡಿದ್ಲು, ತಗೋಲಿಲ್ಲ. ಸೊಕ್ಕು ಅನ್ರಿ, ಹೊಟ್ಟಿಕಿಚ್ಚು ಅನ್ರಿ, ಏನಂದ್ರೂ ನಡೀತದ. ಮನ್ಯಾಗ ಯಾರಿಗೂ ಈ ಮಾತು ಹೇಳಲಿಲ್ಲ.

ಎರಡು ತಿಂಗಳಿನ್ಯಾಗ ಗುಂಪು ಒಡೀತು. ಸುದ್ದಿ ಕೇಳಿದ ದಿನ ಒಂದು ರೊಟ್ಟಿ ಜಾಸ್ತಿನೇ ಉಂಡೆ, ಸುಳ್ಳು ಯಾಕ ಹೇಳ್ಲಿ.

ಒಂದು ಐತವಾರ ಟಿವ್ಯಾಗ ಆಕಿನ್ನ ಕುಂದ್ರಿಸಿ, ಯಾಕ ಒಡೀತು ಅಂತ ಕೇಳ್ಲಿಕತ್ತಿದ್ರು. ನಾನೂ ಅವ್ವನೂ ನೋಡ್ಲಿಕತ್ತಿದ್ವಿ. ಆಕಿ ಯಾರನ್ನೂ ಬೈಲಿಲ್ಲ. ‘ಎಲ್ಲಾರೂ ಎತ್ತಾಕಿಗೋಳೇ ಆದ್ವಿರಿ, ಹಿಡಿಯಾಕಿ ಯಾರೂ ಉಳೀಲಿಲ್ಲ’ ಅಂದ್ಲು. ಕೇಳಾವನಿಗೆ ಏನೂ ತಿಳೀಲಿಲ್ಲ. ಆಕಿ ಮತ್ತ ಅಂದ್ಲು, ‘ಕಲಬುರಗಿ ಕಡಿ ಒಬ್ಬಾಕಿ ಇದ್ದಾಳ್ರಿ, ನನಗಿಂತ ಭಾಳ ಚಲೋ ಹಾಡ್ತಾಳ. ಆಕಿ ಬಂದಿದ್ರ ನಾವು ಉಳೀತಿದ್ವೇನೋ. ಕರೆದೆ, ಬರ್ಲಿಲ್ಲ.’ ಕಣ್ಣು ಒರಸ್ಕೊಂಡ್ಲು. ಅಳೋದೂ ಎಷ್ಟು ಚಂದ ಒಪ್ಪತಿತ್ತು ಆಕಿಗೆ! ಅದಕ್ಕೂ ಹೊಟ್ಟಿ ಉರೀತು ನಂಗ.

ಅವ್ವನೂ ಸೆರಗಿನಿಂದ ಕಣ್ಣು ಒರಸ್ಕೊಂಡ್ಲು. ‘ಯಾವಾಕಿ ಇರಬೇಕೇ ಆಕಿ? ಎಷ್ಟು ಸೊಕ್ಕು! ಬಾಗಿಲಿಗೆ ಬಂದಿದ್ದನ್ನ ಒದ್ದಾಳಲ್ಲ’ ಅಂದ್ಲು.

‘ನಾನೇ ಯವ್ವ’ ಅಂದೆ.

ಅವ್ವ ನನ್ನ ಕಡಿ ತಿರುಗಿ ನೋಡಿದ್ಲು. ಅಷ್ಟು ಕಣ್ಣೀರಿನ್ಯಾಗೂ ನಗಿ ಬಂತು ಆಕಿಗೆ. ‘ಸುಮ್ನ ಕುಂದ್ರು ಹುಚ್ಚಿ, ನಿನ್ನ ಯಾರು ಕರೀತಾರ’ ಅಂದು, ರಿಮೋಟ್ ತಗೊಂಡು ದನಿ ಜಾಸ್ತಿ ಮಾಡಿದ್ಲು.