ಗ್ರಾಮಸೇವಕಿ ವಿಮಲಾಬಾಯಿಯ ಬೆಂಗಾವಲು

ಸೇಡಂನ ವಿಮಲಾಬಾಯಿಯ ಮನೆತನ ಸುಮ್ಮನೆ ಕುಳಿತು ಉಂಡವರದಲ್ಲ. ಮುತ್ತಜ್ಜ ಗುರುಲಿಂಗಯ್ಯ ಚಿಂಚೋಳಿಯ ಅಡವಿಯಲ್ಲಿ ತಪ್ಪಿಸಿಕೊಂಡ ಎರಡು ಎತ್ತು ಹುಡುಕಲು ಹೋಗಿ, ಒಂಬತ್ತು ದಿನಗಳ ಮೇಲೆ ಮೂರು ಎತ್ತು ಹೊಡೆದುಕೊಂಡು ಬಂದವನು. ಮೂರನೆಯದು ಯಾರದೆಂದು ಊರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಜ್ಜಿ ರತ್ನಾಬಾಯಿ ಸೂಲಗಿತ್ತಿ. ಕಾಗಿಣಾ ಹೊಳೆ ತುಂಬಿ ಹರಿಯುವಾಗ ಎಮ್ಮೆಯ ಬಾಲ ಹಿಡಿದು ಆಚೆ ದಂಡೆ ಸೇರಿ, ಹೆರಿಗೆ ಮಾಡಿಸಿ, ಅದೇ ಬಾಲ ಹಿಡಿದು ಮರಳಿದಳು. ಅಪ್ಪ ಮಡಿವಾಳಯ್ಯನ ಘನಕಾರ್ಯ ಒಂದೇ: ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಮಗಳನ್ನು ಮೂಲೆಗೆ ಕೂಡಿಸದೆ ಏಳನೆಯ ಇಯತ್ತೆವರೆಗೆ ಓದಿಸಿದ. ಆ ಸಿಟ್ಟಿಗೆ ಬಂಧುಗಳು ಎರಡು ವರ್ಷ ಅವನ ಮನೆಯ ಹೋಳಿಗೆ ಉಣ್ಣಲಿಲ್ಲ. ಹೋಳಿಗೆ ಉಳಿಯಿತು, ಮಗಳು ಉಂಡಳು.

೧೯೫೪ರಲ್ಲಿ ವಿಮಲಾಬಾಯಿ ಗ್ರಾಮಸೇವಕಿಯಾಗಿ ವಾಡಿ ಹತ್ತಿರದ ರಾವೂರಿಗೆ ಬಂದಳು. ಅದೇ ದಿನ ನೇಮಕವಾದ ಗ್ರಾಮಸೇವಕ ಸಾಯಬಣ್ಣನಿಗೆ ಸೈಕಲ್ಲು ಕೊಟ್ಟರು. ಹೆಣ್ಣುಮಗಳೆಂದು ಇವಳಿಗೆ ಅಂಬರಾಯನನ್ನು ಕೊಟ್ಟರು. ಅಂಬರಾಯ ಅರವತ್ತರ ಹತ್ತಿರದ ಜವಾನ. ಮೀಸೆ ಹುರಿಗೊಂಡಿತ್ತು, ನಾಯಿ ಬೊಗಳಿದರೆ ಮಾತ್ರ ವಿಮಲಾಬಾಯಿಯ ಬೆನ್ನ ಹಿಂದೆ ಸರಿಯುತ್ತಿದ್ದ. ಒಂಟಿ ಹೆಂಗಸು ಓಡಾಡಬಾರದು, ಬೆಂಗಾವಲು ಕಣ್ಣಳತೆಯಲ್ಲೇ ಇರಬೇಕು ಎಂದು ಚಿತ್ತಾಪುರದ ಕಚೇರಿಯ ಸಾಹೇಬರ ಹುಕುಂ.

ಸೈದಾನಬಿ ಎಂಬ ಮುದುಕಿ ಹೆಂಗಸರ ಕೇಂದ್ರಕ್ಕೆಂದು ತನ್ನ ಪಡಸಾಲೆ ಬಿಟ್ಟುಕೊಟ್ಟಳು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅಂಬರಾಯ ಕಾವಲು ಕೂತ. ಒಳಗೆ ಹೊಗೆಯಿಲ್ಲದ ಒಲೆ ಕಟ್ಟುವುದು, ಕೂಸಿನ ಅಂಗಿ ಹೊಲಿಯುವುದು ಕಲಿಸಬೇಕು. ಮೂರು ತಿಂಗಳಲ್ಲಿ ಹದಿನೈದು ಹೆಂಗಸರು ಸೇರದಿದ್ದರೆ ಕೇಂದ್ರ ಬೇರೆ ಊರಿಗೆ, ವಿಮಲಾಬಾಯಿ ತವರಿಗೆ. ಬಾವಿಯ ಹತ್ತಿರ ಬರುತ್ತೇವೆಂದು ಒಪ್ಪಿದ ಹೆಂಗಸರು ಓಣಿಯ ತಿರುವಿನವರೆಗೆ ಬಂದು ಹಿಂದಿರುಗುತ್ತಿದ್ದರು. ತನ್ನ ಮಾತಿನಲ್ಲೇ ರುಚಿಯಿಲ್ಲವೆಂದು ಅವಳು ಹಾಡು ಕಲಿತಳು, ಹಂಚಲು ಬೆಲ್ಲ ತಂದಳು. ಹಾಡನ್ನು ಅಂಬರಾಯ ಕೇಳಿದ, ಬೆಲ್ಲವನ್ನೂ ಅವನೇ ತಿಂದ.

ಎರಡೂವರೆ ತಿಂಗಳಾದ ಮೇಲೆ ಸೈದಾನಬಿಗೆ ತಡೆಯಲಾಗಲಿಲ್ಲ.

"ಬಾಯಿ, ನಿಮ್ಮ ಅಂಬರಾಯನ ಮಗಳನ್ನ ಯಾವ ಊರಿಗಿ ಕೊಟ್ಟಾರ, ಕೇಳೀರೇನು?"

ಕೇಳಿಲ್ಲವೆಂದಳು ವಿಮಲಾಬಾಯಿ.

"ಇದೇ ಊರಿಗಿ. ಅರ್ಧ ರಾವೂರಿಗಿ ಬೀಗ ಅಂವ. ಬೀಗರು ಕಟ್ಟಿ ಮ್ಯಾಲ ಕುಂತಾಗ ಸೊಸಿ ಆದಾಕಿ ಅವರ ಮುಂದ ಹ್ಯಾಂಗ ದಾಟಬೇಕು? ಚಪ್ಪಲಿ ಕೈಯಾಗ ಹಿಡೀಬೇಕೋ, ಮಾರಿ ಮುಚ್ಚಿಕೋಬೇಕೋ?"

ಬೇರೆ ಕಡೆ ಕೂರಲು ವಿಮಲಾಬಾಯಿ ಹೇಳಿ ನೋಡಿದಳು. ಹುಕುಂ ಅಂದರೆ ಹುಕುಂ ಎಂದ ಅಂಬರಾಯ ಮಿಸುಕಲಿಲ್ಲ. ಬೀಗತನದ ಚಹಾ ದಿನಕ್ಕೆ ನಾಲ್ಕು ಸಲ ಆ ಕಟ್ಟೆಗೇ ಬರುತ್ತಿತ್ತಲ್ಲ.

ತಪಾಸಣೆಯ ದಿನ ಚಿತ್ತಾಪುರದಿಂದ ಸಾಹೇಬರು ಬಂದರು. ಖಾಲಿ ಪಡಸಾಲೆ ಕಂಡು, ಕೇಂದ್ರವನ್ನು ನಾಲವಾರಕ್ಕೆ ಕಳಿಸುವ ಮಾತೆತ್ತಿದರು. ವಿಮಲಾಬಾಯಿ ವಾದಿಸಲಿಲ್ಲ. ಹೆಂಗಸರು ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ಊರಾಚೆಯ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿ ನೋಡಿ ಬರಬಹುದು, ಅಂಬರಾಯನಿಗೆ ದಾರಿ ಗೊತ್ತು ಎಂದಳು. ಸಾಹೇಬರೇ ಕರೆದ ಮೇಲೆ ಅಂಬರಾಯ ಏಳಲೇಬೇಕಾಯಿತು. ಇಬ್ಬರ ಬೆನ್ನು ಓಣಿ ದಾಟಿತೋ ಇಲ್ಲವೋ, ಸೈದಾನಬಿ ಹಿಂದಿನ ಸಂಜೆಯೇ ಹೇಳಿಟ್ಟಿದ್ದ ಊರ ಸೊಸೆಯಂದಿರು ಸೂಜಿ ದಾರ ಹಿಡಿದು ಒಳನುಗ್ಗಿದರು.

ಮರಳಿ ಬಂದ ಸಾಹೇಬರು ಬಾಗಿಲಲ್ಲಿ ನಿಂತು ಎಣಿಸಿದರು, ಇಪ್ಪತ್ತೆರಡು. ಕೇಂದ್ರ ಇಲ್ಲೇ ಇರಲಿ ಎಂದು ಅಲ್ಲೇ ಬರೆದುಕೊಟ್ಟರು. ಆಮೇಲೆ ಅಂಬರಾಯನ ಬೆನ್ನು ತಟ್ಟಿ, ಇಂಥ ಕಾವಲಿದ್ದರೇ ಹೆಂಗಸರಿಗೆ ಧೈರ್ಯ ಬರುವುದು, ಮುಂದಿನ ತಿಂಗಳು ಇನ್ನೊಬ್ಬ ಜವಾನನನ್ನು ಕಳಿಸುತ್ತೇನೆ, ಹಿತ್ತಲ ಬಾಗಿಲಿಗೂ ಒಬ್ಬನಿರಲಿ ಎಂದರು. ಅಂಬರಾಯ ಮೀಸೆ ತೀಡಿಕೊಂಡ. ಒಳಗೆ ಯಾರೋ ಕಿಸಕ್ಕೆಂದರು.

ವಿಮಲಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಬ್ಯಾಡ್ರಿ ಸಾಹೇಬ್ರ. ನೀವು ಭಾಳ ಕಾಳಜಿ ಮಾಡಾಕತ್ತೀರಿ, ಖರೆ. ಆದ್ರ ಒಬ್ಬರನ್ನ ಈ ಕಟ್ಟಿ ಮ್ಯಾಲಿಂದ ಎಬ್ಬಸಲಿಕ್ಕ ನನಗ ಮೂರು ತಿಂಗಳು ಹಿಡೀತು. ಇನ್ನೊಬ್ಬರು ಬ್ಯಾಡ. ಇವರನ್ನೂ ನಿಮ್ಮ ಜೋಡಿನೇ ಕರಕೊಂಡು ಹೋಗ್ರಿ."